ಸಾಹೇಬರ ಸೈಕಲ್ಲು ಹೊತ್ತ ಕಾರು

ಆ ಕಾರು ಮನೆಗೆ ಬಂದ ದಿನದಿಂದ ಅವಳ ಗಂಡ ನಡೆಯುವ ರೀತಿಯೇ ಬದಲಾಗಿತ್ತು. ಕಾರೇನೂ ಅವನದಲ್ಲ, ಕಂಪನಿಯದು. ಅರ್ಧ ಪೆಟ್ರೋಲು ಅರ್ಧ ಬ್ಯಾಟರಿಯಲ್ಲಿ ಓಡುವ ಪುಟ್ಟ ಹೈಬ್ರಿಡ್ ಗಾಡಿ. ನಾಲ್ಕು ಜನ ಕೂತರೆ ಐದನೆಯವನು ಉಸಿರು ಬಿಗಿಹಿಡಿಯಬೇಕು, ಡಿಕ್ಕಿಯಲ್ಲಿ ಎರಡು ಸೂಟ್‌ಕೇಸ್ ಇಟ್ಟರೆ ಮೂರನೆಯದನ್ನು ಮಡಿಲಲ್ಲಿ ಇಟ್ಟುಕೊಳ್ಳಬೇಕು. ಆದರೂ ಅವನು ಬೆಳಗ್ಗೆ ಅದರ ಬಾಗಿಲು ತೆರೆಯುವ ಮುನ್ನ ಅತ್ತಿತ್ತ ನೋಡಿ, ಎದುರುಮನೆಯ ಕಿಟಕಿಯಲ್ಲಿ ಯಾರಾದರೂ ನಿಂತಿದ್ದಾರೆ ಎಂದು ಖಾತ್ರಿ ಮಾಡಿಕೊಂಡೇ ಒಳಗೆ ಕೂರುತ್ತಿದ್ದ. ಎರವಲು ಒಡವೆ ಹಾಕಿಕೊಂಡು ಮೆರೆಯುವುದು ಅಂದರೆ ಇದೇ ಎಂದು ಅವಳು ಅಡುಗೆಮನೆಯಿಂದ ನೋಡಿ ಮುಖ ತಿರುಗಿಸುತ್ತಿದ್ದಳು.

ಕಚೇರಿಯಲ್ಲಿ ಅವನಿಗೆ ಹೌದಪ್ಪ ಅಂತ ಅಡ್ಡಹೆಸರು. ಅದು ಅವಳಿಗೆ ಗೊತ್ತಾದದ್ದು ಕಂಪನಿಯ ವಾರ್ಷಿಕ ಔತಣದ ದಿನ, ಕೈತೊಳೆಯುವ ಜಾಗದಲ್ಲಿ. ಇಬ್ಬರು ಹುಡುಗಿಯರು ಕನ್ನಡಿ ನೋಡಿಕೊಂಡು ತುಟಿಗೆ ಬಣ್ಣ ಹಚ್ಚುತ್ತ, ಹೌದಪ್ಪ ಇವತ್ತು ಸಾಹೇಬರ ಕುರ್ಚಿಯನ್ನು ತನ್ನ ಕರ್ಚೀಫಿನಿಂದ ಒರೆಸಿದ್ದನ್ನು ಹೇಳಿಕೊಂಡು ನಗುತ್ತಿದ್ದರು. ಆ ಕರ್ಚೀಫಿಗೆ ಬೆಳಗ್ಗೆ ಇಸ್ತ್ರಿ ಮಾಡಿದವಳು ಇವಳೇ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಷ್ಟು ಸರಿಯಾದ ಹೆಸರು, ಹದಿನೇಳು ವರ್ಷ ಸಂಸಾರ ಮಾಡಿದ ತನಗೇ ಹೊಳೆಯಲಿಲ್ಲವಲ್ಲ ಅನ್ನಿಸಿತು. ಅಂದಿನಿಂದ ಅವಳ ಮನಸ್ಸಿನಲ್ಲೂ ಅವನು ಹೌದಪ್ಪನೇ. ಎತ್ತು ಈಯಿತು ಅಂತ ಸಾಹೇಬರು ಅಂದರೆ, ಕರುವನ್ನು ಕೊಟ್ಟಿಗೆಗೆ ಕಟ್ಟಿಬಿಟ್ಟೆ ಸಾರ್ ಅನ್ನುವ ಪೈಕಿ.

ಅವಳು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ದಂತವೈದ್ಯರು ಕಳಿಸುವ ಅಚ್ಚುಗಳಿಗೆ ಮೇಣದಲ್ಲಿ ಹಲ್ಲು ಕೂರಿಸಿ ಸೆಟ್ಟು ಮಾಡಿಕೊಡುವ ಕೆಲಸ. ದಿನಕ್ಕೆ ನಾಲ್ಕಾರು ಬಾಯಿಗಳು ಅವಳ ಕೈಯಲ್ಲಿ ತಯಾರಾಗುತ್ತಿದ್ದವು, ಮನೆಯಲ್ಲಿ ಮಾತ್ರ ತನ್ನದನ್ನು ತೆರೆಯುತ್ತಿರಲಿಲ್ಲ. ತೆರೆದರೆ ಏನು ಹೊರಬೀಳುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಮತ್ತು ಮನೆಯಲ್ಲಿ ಮಗಳಿದ್ದಳು. ಅಪ್ಪನನ್ನು ಮಗಳ ಮುಂದೆ ಹೀಗಳೆಯುವುದು ಬೇಡ ಅಂತ ಹಲ್ಲು ಕಚ್ಚಿಕೊಂಡು ಕಾಲ ಹಾಕುತ್ತಿದ್ದಳು.

ಈ ಕಾರಿಗೆ ಒಂದು ಚಾಳಿ. ಸ್ಟೇರಿಂಗಿನ ಹಿಂದಿರುವ ಪರದೆಯಲ್ಲಿ ಹಸಿರು ಗಿಡದ ಚಿತ್ರವೊಂದು ಬರುತ್ತದೆ. ಮೆತ್ತಗೆ ಓಡಿಸಿದರೆ ಗಿಡಕ್ಕೆ ಒಂದೊಂದೇ ಎಲೆ ಮೂಡಿ ಐದರವರೆಗೆ ಹೋಗುತ್ತದೆ. ವೇಗವಾಗಿ ಓಡಿಸಿದರೆ, ಗಕ್ಕನೆ ಬ್ರೇಕ್ ಒತ್ತಿದರೆ, ಎಲೆ ಉದುರುತ್ತದೆ. ಕಂಪನಿಯವರು ಯಾರ ಗಾಡಿಗೆ ಎಷ್ಟು ಎಲೆ ಅಂತ ತಿಂಗಳಿಗೊಮ್ಮೆ ಪಟ್ಟಿ ಮಾಡಿ ಲಿಫ್ಟಿನ ಪಕ್ಕ ಅಂಟಿಸುತ್ತಿದ್ದರು. ಹೌದಪ್ಪ ನಾಲ್ಕು ತಿಂಗಳಿಂದ ಮೊದಲನೆಯವನು. ಉಳಿದವರಿಗೆ ಅದರ ಗೊಡವೆಯೇ ಇರಲಿಲ್ಲ ಅನ್ನುವುದು ಬೇರೆ ಮಾತು, ಅಳಿದೂರಿಗೆ ಉಳಿದವನೇ ಗೌಡ. ಸಾಹೇಬರು ಒಮ್ಮೆ ಲಿಫ್ಟಿಗೆ ಕಾಯುತ್ತ ಹೊತ್ತು ಹೋಗದೆ ಆ ಪಟ್ಟಿ ಓದಿ ಭೇಷ್ ಅಂದುಬಿಟ್ಟಿದ್ದರು. ಆ ಒಂದು ಭೇಷ್‌ಗಾಗಿ ಅವನು ಸುಡುಬಿಸಿಲಲ್ಲೂ ಎಸಿ ಹಾಕದೆ, ಗಾಳಿ ಒಳನುಗ್ಗಿ ಗಾಡಿಯನ್ನು ತಡೆಯುತ್ತದೆ ಅಂತ ಕಿಟಕಿಯನ್ನೂ ಇಳಿಸದೆ, ಹೆಂಡತಿ ಮಗಳನ್ನು ಬೇಯಿಸಿದ. ಮನೆಯ ಹೂಕುಂಡಕ್ಕೆ ಒಂದು ದಿನ ಒಂದು ಲೋಟ ನೀರು ಹಾಕಿದವನಲ್ಲ, ಕಾರಿನೊಳಗಿನ ಗಿಡಕ್ಕೆ ಮಾತ್ರ ಜೀವ ಬಿಡುತ್ತಿದ್ದ.

ಮಗಳಿಗೆ ಹದಿನೈದು ತುಂಬಿ ಹನ್ನೊಂದು ತಿಂಗಳು. ಸೈಕಲ್ ಹುಚ್ಚು. ಮೂರು ವರ್ಷ ಬೆಳಗಿನ ಐದಕ್ಕೆ ಎದ್ದು ಹೊರವರ್ತುಲ ರಸ್ತೆಯಲ್ಲಿ ತುಳಿದು ತುಳಿದು ಕಾಲು ಗಟ್ಟಿ ಮಾಡಿಕೊಂಡಿದ್ದಳು. ಹದಿನಾರರ ಒಳಗಿನ ಹುಡುಗಿಯರಿಗೆ ಆಯ್ಕೆಯ ಓಟ ಇತ್ತು, ಎಪ್ಪತ್ತು ಕಿಲೋಮೀಟರ್ ದೂರದ ಕೆರೆ ರಸ್ತೆಯಲ್ಲಿ, ಭಾನುವಾರ ಬೆಳಗ್ಗೆ ಎಂಟಕ್ಕೆ. ಮೊದಲ ಎಂಟು ಮಂದಿಯನ್ನು ಆರಿಸಿ ಒಂದು ವರ್ಷ ತರಬೇತಿ ಶಿಬಿರಕ್ಕೆ ಕರೆದುಕೊಳ್ಳುತ್ತಾರೆ. ಬರುವ ತಿಂಗಳು ಇವಳಿಗೆ ಹದಿನಾರು. ಆಮೇಲೆ ಈ ಬಾಗಿಲು ಇವಳಿಗೆ ಮುಚ್ಚಿದ ಹಾಗೇ, ಮುಂದಿನ ವರ್ಷ ಅನ್ನುವ ಮಾತೇ ಇಲ್ಲ.

ಎರಡು ತಿಂಗಳ ಹಿಂದೆಯೇ ತಾಯಿ ಒಂದು ಸಣ್ಣ ವ್ಯಾನು ಗೊತ್ತುಮಾಡೋಣ ಅಂದಿದ್ದಳು. ಬೆಳಗಿನ ಬಸ್ಸಿನಲ್ಲಿ ಸೈಕಲ್ ಹತ್ತಿಸುವುದಿಲ್ಲ. ಮನೆಯಲ್ಲಿ ಕಾರು ಇಟ್ಟುಕೊಂಡು ವ್ಯಾನು ತರಿಸಿದರೆ ಎದುರುಮನೆಯವರು ಏನಂದುಕೊಳ್ಳುತ್ತಾರೆ ಅಂತ ಹೌದಪ್ಪ ರೇಗಿದ. ಉತ್ತರನ ಪೌರುಷ ಒಲೆಯ ಮುಂದೆ ಅಂತಾರಲ್ಲ, ಅವನ ಸ್ವರ ಏರುತ್ತಿದ್ದದ್ದು ಮನೆಯಲ್ಲಿ ಮಾತ್ರ. ತನ್ನ ಮಗಳ ಸೈಕಲ್ಲನ್ನು ತಾನೇ ಒಯ್ಯುತ್ತೇನೆ, ಅದಕ್ಕೆ ಬೇಕಾದ ಅನುಮತಿಯನ್ನು ತಾನೇ ತರುತ್ತೇನೆ ಅಂದ. ಮಗಳು ಆಗ ಅಪ್ಪನ ಕೊರಳಿಗೆ ಜೋತುಬಿದ್ದಳು. ಅದನ್ನು ನೋಡಿ ತಾಯಿ ವ್ಯಾನಿನ ಮಾತು ಬಿಟ್ಟಳು.

ಅನುಮತಿ ಅಂದರೆ ಸುಮ್ಮನೆ ಅಲ್ಲ. ಕಂಪನಿಯ ಕಾರಿಗೆ ಒಂದು ಪುಸ್ತಕದಷ್ಟು ನಿಯಮ. ಹಿಂದುಗಡೆ ಕೊಕ್ಕೆ ಹಾಕಿಸಿ ಅದರ ಮೇಲೆ ಸೈಕಲ್ ಕಟ್ಟುವ ಹಾಗಿಲ್ಲ, ಈ ಪುಟ್ಟ ಗಾಡಿಗೆ ಹಿಂದೆ ಏನನ್ನೂ ಎಳೆಯುವ ತಾಕತ್ತಿಲ್ಲ ಅಂತ ತಯಾರಿಸಿದವರೇ ಬರೆದುಕೊಟ್ಟಿದ್ದಾರೆ. ಡಿಕ್ಕಿ ಬಾಗಿಲಿಗೆ ಬೆಲ್ಟು ಬಿಗಿಯುವ ಹಾಗಿಲ್ಲ, ಬಣ್ಣ ಹೋಗುತ್ತದೆ. ಉಳಿದದ್ದು ಕಾರಿನ ಛಾವಣಿ. ಅಲ್ಲೂ ಕಂಪನಿ ಹೇಳಿದ ಕ್ಯಾರಿಯರೇ ಆಗಬೇಕು, ಸೈಕಲ್ ಎರಡೇ ಇರಬೇಕು, ಎಲ್ಲ ಸೇರಿ ನಲವತ್ತು ಕಿಲೋ ದಾಟಬಾರದು. ಹೌದಪ್ಪ ವಾಹನ ವಿಭಾಗಕ್ಕೆ ಮೂರು ಪ್ರತಿಯಲ್ಲಿ ಅರ್ಜಿ ಬರೆದ, ಆ ವಿಭಾಗದ ಗುಮಾಸ್ತನಿಗೆ ಎರಡು ಸಲ ಕಾಫಿ ಕುಡಿಸಿದ, ಕೊನೆಗೆ ಸೀಲು ಹಾಕಿದ ಕಾಗದ ತಂದು ಊಟದ ಮೇಜಿನ ಮೇಲೆ ಇಟ್ಟ. ಮಗಳ ಸೈಕಲ್ಲಿನ ತೂಕ ತಿಳಿಯಲು ಬಚ್ಚಲಿನ ತೂಕದ ಯಂತ್ರದ ಮೇಲೆ ಸೈಕಲ್ ಎತ್ತಿ ಹಿಡಿದುಕೊಂಡು ತಾನು ನಿಂತ, ಆಮೇಲೆ ತಾನೊಬ್ಬನೇ ನಿಂತು ಕಳೆದ. ಒಂಬತ್ತು ಕಿಲೋ. ಕ್ಯಾರಿಯರು ಎಂಟು. ಇನ್ನೂ ಇಪ್ಪತ್ತಮೂರು ಕಿಲೋಗೆ ಜಾಗ ಇದೆ ಅಂತ ಅವನು ಹಿಗ್ಗಿದಾಗಲೇ ಅವಳಿಗೆ ಅಳುಕು ಹುಟ್ಟಿತು. ಖಾಲಿ ಜಾಗ ಕಂಡರೆ ಈ ಮನುಷ್ಯ ಅದನ್ನು ಯಾರ ಪಾದಕ್ಕೆ ಅರ್ಪಿಸುತ್ತಾನೆ ಎಂದು ಗೊತ್ತಿದ್ದವಳು ಅವಳು.

ಹಾಗೇ ಆಯಿತು. ಸಾಹೇಬರಿಗೆ ಡಾಕ್ಟರು ಹೊಟ್ಟೆ ಕರಗಿಸಿ ಅಂದಿದ್ದರಂತೆ, ಅವರು ಸೈಕಲ್ ಕೊಂಡಿದ್ದರಂತೆ. ಸಾಹೇಬರು ಕೊಂಡ ವಾರದೊಳಗೆ ಕಚೇರಿಯ ಆರು ಮಂದಿಗೆ ಸೈಕಲ್ಲಿನ ಮೇಲೆ ಪ್ರೀತಿ ಹುಟ್ಟಿತ್ತು, ಅದರಲ್ಲಿ ಇಬ್ಬರಿಗೆ ಬ್ಯಾಲೆನ್ಸೇ ಬರುತ್ತಿರಲಿಲ್ಲ. ಕೆರೆ ರಸ್ತೆಯಲ್ಲಿ ಭಾನುವಾರ ಬೆಳಗ್ಗೆ ತುಳಿದರೆ ಗಾಳಿ ಚೆನ್ನಾಗಿರುತ್ತದೆ ಅಂತ ಯಾರೋ ಹೇಳಿದರು. ಯಾರು ಹೇಳಿರಬಹುದು ಅಂತ ಅವಳು ಕೇಳಲಿಲ್ಲ. ಶುಕ್ರವಾರ ಸಂಜೆ ಹೌದಪ್ಪ ಬೂಟು ಬಿಚ್ಚುತ್ತ ನೆಲ ನೋಡಿಕೊಂಡು ಸುದ್ದಿ ಹೇಳಿದ. ಸಾಹೇಬರದೂ ಮೇಡಮ್ಮಿನದೂ ಸೈಕಲ್ಲು ತನ್ನ ಕಾರಿನ ಮೇಲೆ ಬರುತ್ತವೆ. ಸಾಹೇಬರೇ ಬಾಯಿಬಿಟ್ಟು ಕೇಳಿದರು, ಇಲ್ಲ ಅನ್ನೋಕಾಗುತ್ತಾ.

ಸಾಹೇಬರ ಬಳಿ ಕಾರು ಇರಲಿಲ್ಲವೇ ಅಂದರೆ, ಇತ್ತು. ಇವರ ಗಾಡಿ ಎರಡನ್ನು ನುಂಗಿ ನೀರು ಕುಡಿಯುವಂಥ ಕಾರು. ಅದರ ಒಳಗಿನ ಸೀಟು ಚರ್ಮದ್ದು, ಗ್ರೀಸು ತಗುಲುತ್ತದೆ. ಮೇಲೆ ಇಡೋಣ ಅಂದರೆ ಛಾವಣಿ ಗಾಜಿನದು, ಗೀರು ಬೀಳುತ್ತದೆ. ಆದ್ದರಿಂದ ಆನೆಯಂಥ ಕಾರು ಖಾಲಿ ಬರುತ್ತದೆ, ಇಲಿಯಂಥ ಕಾರು ಹೊರೆ ಹೊರುತ್ತದೆ. ಇದರಲ್ಲಿ ಏನಾದರೂ ತಪ್ಪಿದೆ ಅಂತ ಹೌದಪ್ಪನಿಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ. ತಪ್ಪು ಅನ್ನಿಸುವ ನರವನ್ನೇ ಅವನು ಎಂದೋ ಕೀಳಿಸಿಕೊಂಡಿದ್ದ.

ಶನಿವಾರ ಮಧ್ಯಾಹ್ನ ಎರಡೂ ಸೈಕಲ್ಲು ಬಂದವು. ಸಾಹೇಬರದು ಒಂಬತ್ತು ಕಿಲೋ. ಮೇಡಮ್ಮಿನದು ಬ್ಯಾಟರಿ ಸೈಕಲ್ಲು, ಇಪ್ಪತ್ತಾರು ಕಿಲೋ. ಹೌದಪ್ಪ ಯಂತ್ರದ ಮೇಲೆ ಅದನ್ನು ಎತ್ತಿಕೊಂಡು ನಿಂತಾಗ ಅವನ ಕುತ್ತಿಗೆಯ ನರಗಳು ಉಬ್ಬಿದವು. ಒಟ್ಟು ನಲವತ್ತಮೂರು. ಸುಮಾರು ಹೊತ್ತು ತಲೆ ಕೆರೆದುಕೊಂಡು, ಅದರ ಬ್ಯಾಟರಿಯನ್ನು ಬಿಚ್ಚಿ ತೂಗಿ, ನಾಲ್ಕು ಕಿಲೋ ಇಳಿಯಿತು ಅಂತ ಮಗುವಿನ ಹಾಗೆ ಕುಣಿದ. ಮೂವತ್ತೊಂಬತ್ತು. ಮಗಳ ಸೈಕಲ್ಲು ಎಲ್ಲಿಗೆ ಅಂತ ಕೇಳಿದ್ದಕ್ಕೆ, ಬಿಚ್ಚಿ ಒಳಗೆ ಹಾಕಿದರಾಯಿತು, ಇವಳದು ಹೇಗೂ ಹಗುರ ಅಂದ. ಮಗಳನ್ನು ಒಂದು ಮಾತು ಕೇಳಿದನೇ ಅಂದರೆ ಇಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ.

ಮಗಳು ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಪರವಾಗಿಲ್ಲ ಅಪ್ಪ, ನಾನು ಹಿಂದೆ ಹಿಡ್ಕೊಂಡು ಕೂರ್ತೀನಿ ಅಂದಳು. ಅವಳ ಒಳ್ಳೆಯತನ ಕಂಡು ತಾಯಿಗೆ ಸಂಕಟವಾಯಿತು. ಈ ಮನೆಯಲ್ಲಿ ಇನ್ನೊಬ್ಬ ಹೌದಮ್ಮ ತಯಾರಾಗುತ್ತಿದ್ದಾಳೆಯೇ ಅಂತ ಭಯವೂ ಆಯಿತು. ಇಬ್ಬರೂ ಕೂತು ಸೈಕಲ್ ಬಿಚ್ಚಿದರು. ಲ್ಯಾಬಿನಲ್ಲಿ ಮಾಡುವಷ್ಟೇ ನಾಜೂಕಾಗಿ ಅವಳು ಒಂದೊಂದು ತಿರುಪನ್ನೂ ಬಟ್ಟೆಯಲ್ಲಿ ಕಟ್ಟಿದಳು. ಹಳೆಯ ಕೊಡೆಗಳ ಕಪ್ಪು ಬಟ್ಟೆಯಿಂದ ತಾನೇ ಹೊಲಿದಿದ್ದ ಎರಡು ಚೀಲಗಳಲ್ಲಿ ಒಂದೊಂದು ಚಕ್ರ ಇಟ್ಟು ಡಿಕ್ಕಿಗೆ ಹಾಕಿದಳು. ಫ್ರೇಮನ್ನು ಹಿಂದಿನ ಸೀಟಿನಲ್ಲಿ ಹಳೆಯ ಬೆಡ್‌ಶೀಟ್ ಸುತ್ತಿ ಮಲಗಿಸಿದರು. ಮೇಲೆ ಸಾಹೇಬರ ಸಂಸಾರದ ಸೈಕಲ್ಲುಗಳು ಬೆಲ್ಟು ಬಿಗಿಸಿಕೊಂಡು ನೆಟ್ಟಗೆ ನಿಂತಿದ್ದವು. ತಲೆಯ ಮೇಲೆ ಕೂರಿಸಿಕೊಳ್ಳುವುದು ಅಂದರೆ ಇದಕ್ಕಿಂತ ಚೆನ್ನಾಗಿ ಯಾರೂ ಮಾಡಿ ತೋರಿಸಲಾರರು.

ಭಾನುವಾರ ಐದೂವರೆಗೆ ಹೊರಟರು. ಅವಳು ಬುತ್ತಿಯ ಡಬ್ಬಿ ಹಿಡಿದು ಕೆಳಗಿಳಿಯುವ ಹೊತ್ತಿಗೆ ಹೌದಪ್ಪ ಆಗಲೇ ಕಾರಿನಲ್ಲಿ ಕೂತು ಕನ್ನಡಿ ಸರಿಮಾಡುತ್ತಿದ್ದ. ಮಗಳು ಹಿಂದಿನ ಸೀಟಿನ ಮೂಲೆಯಲ್ಲಿ ಮೊಣಕಾಲು ಮಡಚಿ, ಫ್ರೇಮನ್ನು ಕಾಯಿಲೆಯವರನ್ನು ಹಿಡಿದುಕೊಂಡ ಹಾಗೆ ತಬ್ಬಿ ಕೂತಿದ್ದಳು. ಮುಂದಿನ ಸೀಟಿನಲ್ಲಿ ಇವಳು ಕೂತ ಕೂಡಲೇ ಅವನು ಮೇಡಮ್ಮಿನ ಬ್ಯಾಟರಿಯನ್ನು ಎತ್ತಿ ಮಡಿಲಲ್ಲಿ ಇಟ್ಟ, ಕುಲುಕಬಾರದು ನೋಡು ಅಂದ. ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಕರೆದು ತಂದ ದಿನವೂ ಅವನು ಇಷ್ಟು ಎಚ್ಚರ ಹೇಳಿರಲಿಲ್ಲ.

ಊರು ದಾಟುವ ಹೊತ್ತಿಗೆ ಎರಡು ಎಲೆ ಉದುರಿದವು. ಮೇಲೆ ಎರಡು ಸೈಕಲ್ ಗಾಳಿಗೆ ಅಡ್ಡ ನಿಂತಿರುವಾಗ ಇನ್ನೇನಾಗುತ್ತದೆ. ಮೂರನೆಯ ಎಲೆಯೂ ಅಲುಗಾಡತೊಡಗಿದಾಗ ಹೌದಪ್ಪನ ಮುಖ ಸಾವಿನ ಸುದ್ದಿ ಕೇಳಿದವನ ಹಾಗಾಯಿತು. ವೇಗ ಇಳಿಸಿದ. ಅರವತ್ತರಿಂದ ಐವತ್ತು, ಐವತ್ತರಿಂದ ನಲವತ್ತು. ಲಾರಿಗಳು ಹಿಂದಿನಿಂದ ಹಾರ್ನ್ ಬಾರಿಸಿ ಪಕ್ಕದಿಂದ ಬೈದುಕೊಂಡು ಹೋದವು. ಒಂದು ಟ್ರ್ಯಾಕ್ಟರು ಸಹ ಇವರನ್ನು ಹಿಂದೆ ಹಾಕಿತು, ಅದರ ಮೇಲೆ ಕೂತಿದ್ದ ಮುದುಕ ತಿರುಗಿ ತಿರುಗಿ ನೋಡಿದ. ಗಂಟೆ ಆರೂಮುಕ್ಕಾಲು ಆಗಿತ್ತು, ಅರ್ಧ ದಾರಿಯೂ ಮುಗಿದಿರಲಿಲ್ಲ. ಏಳು ಐವತ್ತರೊಳಗೆ ಹೆಸರು ಬರೆಸದಿದ್ದರೆ ಓಟದಲ್ಲಿ ಸೇರಿಸುವುದಿಲ್ಲ ಅಂತ ಮಗಳು ಮೆಲ್ಲಗೆ ನೆನಪಿಸಿದಳು. ಗೊತ್ತು ಗೊತ್ತು ಅಂದ ಅವನು, ಕಣ್ಣು ಗಿಡದ ಮೇಲೆಯೇ.

ಅವಳು ಹದಿನೇಳು ವರ್ಷದಲ್ಲಿ ಆಡದ ದನಿಯಲ್ಲಿ ಹೇಳಿದಳು.

"ಆಕ್ಸಿಲರೇಟರ್ ಒತ್ತಿ. ಇಲ್ಲ ಅಂದ್ರೆ ಈ ಬ್ಯಾಟರೀನ ಕಿಟಕಿಯಿಂದ ಆಚೆ ಹಾಕ್ತೀನಿ."

ಅವನು ನಕ್ಕ, ಹೆಂಡತಿ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡ. ಅವಳು ಕಿಟಕಿಯ ಗಾಜು ಪೂರ್ತಿ ಇಳಿಸಿದಳು. ಆಗ ಒತ್ತಿದ. ಉಳಿದ ಎಲೆಗಳೂ ಉದುರಿ ಗಿಡ ಬೋಳಾಯಿತು, ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಈ ತಿಂಗಳ ಪಟ್ಟಿಯಲ್ಲಿ ತನ್ನ ಹೆಸರು ಎಲ್ಲಿಗೆ ಇಳಿಯುತ್ತದೋ ಅಂತ ಗೊಣಗಿದ, ಇಷ್ಟಕ್ಕೇ ಅಂತ ಬೆಳಗ್ಗೆ ಎದ್ದು ಡಿಕ್ಕಿಯಲ್ಲಿದ್ದ ಬೇಡದ್ದನ್ನೆಲ್ಲ ತೆಗೆದಿಟ್ಟು ಬಂದೆ ಅಂದ. ಅವಳಿಗೆ ಆ ಮಾತು ಕಿವಿಯೊಳಗೆ ಹೋಯಿತೇ ಹೊರತು ತಲೆಗೆ ಹೋಗಲಿಲ್ಲ. ಇದು ಅವಳ ತಪ್ಪು. ಮೂರ್ಖನ ಮಾತನ್ನು ಕೇಳಿಸಿಕೊಳ್ಳದೇ ಇರುವ ಅಭ್ಯಾಸ ಬಿದ್ದರೆ ಅವನು ಒಂದು ದಿನ ನಿಜ ಹೇಳಿದ್ದೂ ಕೇಳಿಸುವುದಿಲ್ಲ.

ಕೆರೆ ದಂಡೆಗೆ ಬಂದಾಗ ಏಳು ಇಪ್ಪತ್ತೆಂಟು. ಹುಡುಗಿಯರು ನಂಬರು ಅಂಟಿಸಿಕೊಂಡು ಆಗಲೇ ಅತ್ತಿತ್ತ ತುಳಿದು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಸಾಹೇಬರ ದೊಡ್ಡ ಕಾರು ಮರದ ನೆರಳಿನಲ್ಲಿ ನಿಂತಿತ್ತು. ಸಾಹೇಬರು ಹೊಸ ಬಿಗಿ ಬನಿಯನ್ನು ಹಾಕಿಕೊಂಡು, ಹೊಟ್ಟೆ ಒಂದು ದಿಕ್ಕು ತಾವೊಂದು ದಿಕ್ಕು ಅನ್ನುವ ಹಾಗೆ ನಿಂತು ಫ್ಲಾಸ್ಕಿನಿಂದ ಕಾಫಿ ಕುಡಿಯುತ್ತಿದ್ದರು. ಮೇಡಂ ಕಾರಿನೊಳಗೆ ಕಣ್ಣು ಮುಚ್ಚಿ ಒರಗಿದ್ದರು. ಹೌದಪ್ಪ ಕಾರು ನಿಲ್ಲಿಸಿ ಜಿಗಿದವನೇ ಮೊದಲು ಮಾಡಿದ ಕೆಲಸ ಮೇಲಿನ ಬೆಲ್ಟು ಬಿಚ್ಚಿದ್ದು. ಸಾಹೇಬರ ಸೈಕಲ್ ಇಳಿಸಿ, ಅದರ ಸೀಟನ್ನು ಒರೆಸಿದ. ಕರ್ಚೀಫು ಅದೇ ಇರಬಹುದು.

ಅವಳೂ ಮಗಳೂ ಡಿಕ್ಕಿ ತೆರೆದರು. ಒಂದೇ ಕಪ್ಪು ಚೀಲ ಇತ್ತು.

ತಾಯಿ ಒಳಗೆ ಕೈ ಆಡಿಸಿದಳು. ಕೆಳಗೆ ಹಾಸಿದ್ದ ಮ್ಯಾಟೂ ಇರಲಿಲ್ಲ, ಜಾಕಿಯೂ ಇರಲಿಲ್ಲ, ನೀರಿನ ಕ್ಯಾನೂ ಇರಲಿಲ್ಲ. ಇದ್ದ ಚೀಲದಲ್ಲಿ ಹಿಂದಿನ ಚಕ್ರ. ಮುಂದಿನದು ಎಲ್ಲಿ ಅಂತ ಕೇಳಿದಾಗ ಹೌದಪ್ಪ ಯಾವ ಚಕ್ರ ಅಂದ. ಕಪ್ಪು ಚೀಲ ಅಂದಾಗ ಅವನಿಗೆ ನೆನಪಾಯಿತು. ಅದು ಚಕ್ರವಾ, ಚಪ್ಪಟೆ ಇತ್ತಲ್ಲ, ಗಾಜಿಗೆ ಹಾಕುವ ಬಿಸಿಲುಪರದೆ ಅಂದುಕೊಂಡೆ, ಮೆಟ್ಟಿಲಿನ ಕೆಳಗೆ ಇಟ್ಟೆ, ಒಂದೂವರೆ ಕಿಲೋ ಇತ್ತು ಅಂದ. ಚೀಲ ಬಿಚ್ಚಿ ಒಳಗೇನಿದೆ ಅಂತ ನೋಡಿರಲಿಲ್ಲ, ತೂಕ ಮಾತ್ರ ನೋಡಿದ್ದ. ಅವನ ಬದುಕೆಲ್ಲ ಹೀಗೇ ಅಂತ ಅವಳಿಗೆ ಅನ್ನಿಸಿತು, ಆದರೆ ಅನ್ನಿಸಿಕೊಳ್ಳುತ್ತ ನಿಲ್ಲುವ ಹೊತ್ತಲ್ಲ ಅದು. ಏಳು ಮೂವತ್ತೆರಡು.

ಮಗಳು ಅಳಲಿಲ್ಲ. ಅಳಲು ಬಾರದಷ್ಟು ಗಾಬರಿಯಾಗಿದ್ದಳು. ಹೆಸರು ಬರೆಸುವ ಮೇಜಿನ ಕಡೆ ನೋಡಿದಳು, ಕೈಯಲ್ಲಿದ್ದ ಫ್ರೇಮನ್ನು ನೋಡಿದಳು, ಮುಂಗಾಲಿಲ್ಲದ ಕುದುರೆಯನ್ನು ಹಿಡಿದು ನಿಂತವಳ ಹಾಗಿದ್ದಳು. ಆಗ ಅವಳ ಕಣ್ಣು ಸಾಹೇಬರ ಸೈಕಲ್ಲಿನ ಮೇಲೆ ಹೋಯಿತು, ತಾಯಿಯ ಕಣ್ಣೂ ಅಲ್ಲಿಗೇ ಹೋಗಿತ್ತು. ಅದೇ ಅಳತೆಯ ಚಕ್ರ, ಚಕ್ರ ಬಿಗಿಯಲು ಅದೇ ಬಗೆಯ ಸನ್ನೆಹಿಡಿ. ಎತ್ತಿದರೆ ಕಳಚುತ್ತದೆ, ಒತ್ತಿದರೆ ಕೂರುತ್ತದೆ. ತಾಯಿ ನೇರ ಸಾಹೇಬರ ಮುಂದೆ ಹೋಗಿ ನಿಂತಳು. ನಮಸ್ಕಾರವನ್ನೂ ಹೇಳಲಿಲ್ಲ.

"ಸರ್, ನಿಮ್ಮ ಸೈಕಲ್ಲಿನ ಮುಂದಿನ ಚಕ್ರ ಬೇಕು. ಮಗಳಿಗೆ ರೇಸ್ ಇದೆ. ಎಂಟಕ್ಕೆ."

ಸಾಹೇಬರು ಕಾಫಿಯ ಲೋಟ ಕೆಳಗಿಳಿಸಿ, ಅವಳನ್ನೂ ಅವಳ ಹಿಂದೆ ಓಡಿಬರುತ್ತಿದ್ದ ಹೌದಪ್ಪನನ್ನೂ ನೋಡಿದರು. ಮಗಳಿಗೆ ರೇಸ್ ಇರುವುದನ್ನು ಇವರು ಹೇಳಲೇ ಇಲ್ಲವಲ್ಲ ಅಂದರು. ತಾವು ಹೇಗೂ ಇವತ್ತು ಬರುವುದು ಬೇಡ ಅಂತಲೇ ಇದ್ದರಂತೆ. ಇವರೇ ದಿನಕ್ಕೆ ಮೂರು ಸಲ ಫೋನು ಮಾಡಿ, ಬನ್ನಿ ಸಾರ್, ಸೈಕಲ್ ನಾನೇ ತರ್ತೀನಿ ಸಾರ್ ಅಂತ ಪ್ರಾಣ ತಿಂದದ್ದಕ್ಕೆ ಬಂದದ್ದಂತೆ. ಹೇಳುವಾಗ ಅವರ ಮುಖದಲ್ಲಿ ನಿದ್ದೆಗೆಟ್ಟವನ ಬೇಸರ ಬಿಟ್ಟರೆ ಬೇರೇನೂ ಇರಲಿಲ್ಲ. ಮೊಣಕಾಲು ನೋಯುತ್ತಿದೆ ಅನ್ನುವುದಕ್ಕೆ ಒಂದು ನೆಪ ಸಿಕ್ಕಿತಲ್ಲ ಅಂತ ಖುಷಿಯೂ ಇದ್ದಂತಿತ್ತು. ಒಳ್ಳೆಯತನ ಅಂತ ಅದಕ್ಕೆ ಹೆಸರಿಡಲು ಅವಳಿಗೆ ಮನಸ್ಸಾಗಲಿಲ್ಲ, ಆದರೂ ಅವರು ಕೊಟ್ಟರು.

"ತಗೊಳ್ಳಿ, ಅದಕ್ಕೇನಂತೆ."

ಅವಳು ತಿರುಗುವಷ್ಟರಲ್ಲಿ ಮಗಳು ಸನ್ನೆಹಿಡಿ ಎತ್ತಿ ಚಕ್ರ ಕಳಚಿಬಿಟ್ಟಿದ್ದಳು. ಅಷ್ಟರಲ್ಲಿ ಹೌದಪ್ಪ ಅದನ್ನು ಹಿಡಿದುಕೊಂಡ. ಎರಡೂ ಕೈಯಲ್ಲಿ, ಬಿಗಿಯಾಗಿ. ಆ ಬೆಳಗಿನಲ್ಲಿ ಅವನ ಮುಖ ಬೆವೆತು ಹೊಳೆಯುತ್ತಿತ್ತು. ಅವನು ಮಗಳನ್ನು ನೋಡಲಿಲ್ಲ, ಅವಳ ಭುಜದ ಮೇಲಿಂದ ಸಾಹೇಬರನ್ನು ನೋಡಿ ಮಾತಾಡಿದ.

"ಛೆ, ಬೇಡಿ ಸಾರ್. ಇಷ್ಟು ದೂರ ಬಂದು ನೀವು ಸುಮ್ನೆ ಕೂರೋದಾ? ಅವಳಿನ್ನೂ ಚಿಕ್ಕವಳು ಸಾರ್, ಮುಂದಿನ ವರ್ಷ ಓಡಿಸ್ತಾಳೆ."

ಮುಂದಿನ ವರ್ಷ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಮಗಳು ತನ್ನ ಹುಟ್ಟಿದ ದಿನಕ್ಕೆ ಕೆಂಪು ಗೆರೆ ಎಳೆದು, ಇದಕ್ಕೆ ಮುಂಚೆ ಅಂತ ಬರೆದಿದ್ದಳು. ಅದರ ಕೆಳಗೇ ಕೂತು ಇವನು ಎರಡು ತಿಂಗಳು ಊಟ ಮಾಡಿದ್ದ.

"ಅಪ್ಪ, ಬಿಡಿ," ಅಂದಳು ಮಗಳು. ಬಿಡಲಿಲ್ಲ. ಇನ್ನೊಂದು ಸಲ ಅಂದಳು, ಸ್ವಲ್ಪ ಎಳೆದಳು, ಅವನೂ ಎಳೆದ. ಅಪ್ಪ ಮಗಳು ಒಂದು ಚಕ್ರವನ್ನು ಆಚೆ ಈಚೆ ಎಳೆದಾಡುವುದನ್ನು ನಂಬರು ಅಂಟಿಸಿಕೊಂಡ ನಾಲ್ಕು ಹುಡುಗಿಯರು ಸೈಕಲ್ ನಿಲ್ಲಿಸಿ ನೋಡಿದರು. ಅವಳು ಹೋಗಿ ಅವನ ಮಣಿಕಟ್ಟು ಹಿಡಿದು, ರೀ ಬಿಡಿ ಅಂದಳು. ಆಗಲೂ ಬಿಡಲಿಲ್ಲ. ಬೇಡ ಕಣೆ, ಸಾಹೇಬರದು ಕಣೆ ಅಂತ ಪಿಸುಗುಟ್ಟಿದ. ಸಾಹೇಬರಿಗೆ ಇದೆಲ್ಲ ನೋಡಿ ಬೇಸರ ಬಂತು. ಕಾಫಿ ಆರುತ್ತಿತ್ತು.

"ಅಯ್ಯೋ ಬಿಡ್ರೀ, ಕೊಡಿ ಆ ಮಗುಗೆ," ಅಂದರು.

"ಸರಿ ಸಾರ್," ಅಂದು ಅವನು ತಕ್ಷಣ ಬಿಟ್ಟ.

ಎಷ್ಟು ತಕ್ಷಣ ಬಿಟ್ಟನೆಂದರೆ ಎಳೆಯುತ್ತಿದ್ದ ಮಗಳು ಎರಡು ಹೆಜ್ಜೆ ಹಿಂದಕ್ಕೆ ತೂರಾಡಿದಳು. ಬೀಳಲಿಲ್ಲ. ಚಕ್ರವನ್ನು ಎದೆಗೆ ಹಿಡಿದುಕೊಂಡು ಅಪ್ಪನ ಮುಖವನ್ನು ನೋಡಿದಳು, ಮೊದಲನೆಯ ಸಲ ನೋಡುವವರ ಹಾಗೆ, ಪೂರ್ತಿ. ತಾಯಿಗೆ ಆ ನೋಟ ಗುರುತು ಹತ್ತಿತು. ತಾನು ಹದಿನೇಳು ವರ್ಷ ಅಡುಗೆಮನೆಯ ಕಿಟಕಿಯಿಂದ ನೋಡಿದ್ದು ಹೀಗೆಯೇ. ಈ ಗಂಡಸನ್ನು ಕೀಳಾಗಿ ಕಾಣುವುದಕ್ಕೆ ತನಗೆ ಜೊತೆ ಸಿಕ್ಕಿತು ಅಂತ ಸಮಾಧಾನವಾಗಬೇಕಿತ್ತು, ಆದದ್ದು ದುಃಖ.

ಆ ದಿನ ಮಗಳು ಏಳನೆಯವಳಾಗಿ ಬಂದಳು, ಶಿಬಿರಕ್ಕೆ ಆಯ್ಕೆಯಾದಳು. ಇದನ್ನು ಈಗಲೇ ಹೇಳಿಬಿಟ್ಟರೆ ನಷ್ಟವೇನಿಲ್ಲ, ಏಕೆಂದರೆ ಆಗಬೇಕಾದದ್ದು ಓಟ ಶುರುವಾಗುವ ಮುಂಚೆಯೇ ಆಗಿಹೋಯಿತು.

ಹತ್ತು ನಿಮಿಷದಲ್ಲಿ ಇಬ್ಬರೂ ಸೇರಿ ಸೈಕಲ್ ಜೋಡಿಸಿದರು. ಮುಂದಿನ ಬ್ರೇಕು ಸ್ವಲ್ಪ ತಗುಲುತ್ತಿತ್ತು, ತಾಯಿ ಅರ್ಧ ಸುತ್ತು ತಿರುಪಿ ಸರಿಮಾಡಿದಳು. ಏಳು ನಲವತ್ತಾರಕ್ಕೆ ಮೇಜಿನ ಮುಂದೆ ನಿಂತರು. ಕೊರಳಲ್ಲಿ ಸೀಟಿ ಹಾಕಿಕೊಂಡಿದ್ದ ಹೆಂಗಸೊಬ್ಬರು ನಮೂನೆಯನ್ನೂ ನಂಬರಿನ ಚೀಟಿಯನ್ನೂ ಮುಂದಿಟ್ಟು, ಹದಿನಾರರ ಒಳಗಿನವರಿಗೆ ಜೊತೆಗೆ ಬಂದ ಹಿರಿಯರ ಸಹಿ ಬೇಕು ಅಂದರು. ಅಷ್ಟರಲ್ಲಿ ಹೌದಪ್ಪನೂ ಬಂದು ಪಕ್ಕದಲ್ಲಿ ನಿಂತಿದ್ದ. ಸಹಿ ಅನ್ನುವ ಮಾತು ಕಿವಿಗೆ ಬಿದ್ದರೆ ಅವನ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಗಂಟಲು ಸರಿಮಾಡಿಕೊಂಡ. ನಮ್ಮ ಮಗಳು ಮೇಡಂ, ಬೆಳಗ್ಗೆ ಐದಕ್ಕೆ ಏಳ್ತಾಳೆ ಅಂತ ಹೆಮ್ಮೆಯಿಂದಲೇ ಹೇಳಿದ. ಅವನಿಗೆ ನಿಜವಾಗಿಯೂ ಹೆಮ್ಮೆ ಇತ್ತು, ಅದೇ ಸಂಕಟ.

ಸೀಟಿಯವರು ತಲೆ ಎತ್ತದೆ, ನಿನ್ನ ಜೊತೆ ಬಂದೋರು ಯಾರಮ್ಮ ಅಂತ ಕೇಳಿದರು.

"ಅಮ್ಮ," ಅಂದಳು ಮಗಳು.

ಸೀಟಿಯವರು ಪೆನ್ನು ಹಿಡಿದು ನಿಂತಿದ್ದ ಮನುಷ್ಯನನ್ನು ನೋಡಿ, ಇವರು ಯಾರು ಅಂತ ಕೇಳಿದರು.

"ಇವರು ಆ ಸಾರ್ ಜೊತೆ ಬಂದಿರೋದು," ಅಂದಳು ಮಗಳು, ಮರದ ಕಡೆ ಕೈ ತೋರಿಸಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಯಾರೋ ದಾರಿ ಕೇಳಿದರೆ ಹೇಳುವಷ್ಟೇ ಸಹಜವಾಗಿ ಹೇಳಿದಳು.

ಹೌದಪ್ಪ ಬಾಯಿ ತೆರೆದ. ಹಿಂದಿನಿಂದ ಸಾಹೇಬರು, ಏನ್ರೀ, ಮೇಡಮ್ಮಿನ ಬ್ಯಾಟರಿ ಎಲ್ಲಿ ಅಂತ ಕೂಗಿದ್ದು ಕೇಳಿಸಿತು. ಅವನ ತಲೆ ಆ ಕಡೆ ತಿರುಗಿತು, ಕಾಲು ಮಾತ್ರ ಮೊದಲ ಸಲ ತಿರುಗಲಿಲ್ಲ. ಅವನು ಮಗಳನ್ನು ನೋಡುತ್ತ ನಿಂತ, ಆದರೆ ಅವಳು ಆಗಲೇ ಬೆನ್ನಿಗೆ ನಂಬರು ಅಂಟಿಸಿಕೊಳ್ಳಲು ಪಕ್ಕದ ಹುಡುಗಿಯ ಕಡೆ ತಿರುಗಿದ್ದಳು.

ನಮೂನೆಯ ಕೊನೆಯಲ್ಲಿ ತಂದೆ, ತಾಯಿ ಅಂತ ಎರಡು ಪದ ಅಚ್ಚಾಗಿದ್ದವು, ಅನ್ವಯಿಸದ್ದನ್ನು ಹೊಡೆದುಹಾಕಿ ಅಂತ ಪಕ್ಕದಲ್ಲಿ ಬರೆದಿತ್ತು. ಅವಳ ಬಳಿ ಪೆನ್ನು ಇರಲಿಲ್ಲ. ಗಂಡನ ಕಡೆ ಕೈ ಚಾಚಿದಳು. ಅವನು ಕೊಟ್ಟ, ಮುಚ್ಚಳ ತಾನೇ ಹಿಡಿದುಕೊಂಡ. ಅವಳು ಮೊದಲನೆಯ ಪದದ ಮೇಲೆ ಒಂದು ಗೆರೆ ಎಳೆದು, ಕೆಳಗೆ ಸಹಿ ಮಾಡಿದಳು.